ಶಿಲುಬೆಯ ಹಿಂದೆ ನಿಂತು ನೋಡಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಕಲಾಪುಟದಲ್ಲಿ ಇಂಗ್ಲೆಂಡಿನ ಕವಿ, ಚಿತ್ರಕಾರ ಮತ್ತು ಕೆತ್ತನೆಗಾರ ವಿಲಿಯಂ ಬ್ಲೇಕ್ 1800ರಲ್ಲಿ ರಚಿಸಿದ ‘ಕ್ರಿಸ್ತನ ಉಡುಪಿಗಾಗಿ ಚೀಟು ಹಾಕುತ್ತಿರುವ ಸೈನಿಕರು’ ಎಂಬ ಜಲವರ್ಣ ಚಿತ್ರವನ್ನು ಅಚ್ಚು ಮಾಡಿದ್ದೆವು. ಜಾಗದ ಅಭಾವದಿಂದ ಚಿಕ್ಕ ಟಿಪ್ಪಣಿಯೊಂದನ್ನಷ್ಟೇ ಕೊಟ್ಟು, ಇದು ಭಕ್ತಿಯ ಚಿತ್ರವೂ ಹೌದು, ತನ್ನ ಕಾಲದ ಸಮಾಜದ ವಿಮರ್ಶೆಯೂ ಹೌದು ಎಂದು ಬರೆದಿದ್ದೆವು. ಆ ಮಾತನ್ನು ಒಪ್ಪಿ, ಶಂಕಿಸಿ, ಅಲ್ಲಗಳೆದು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಆ ಸಂಚಿಕೆ ಕೈಗೆ ಸಿಗದವರಿಗಾಗಿ ಚಿತ್ರದ ಬಗ್ಗೆ ಒಂದೆರಡು ಮಾತು: ಯೇಸುವನ್ನು ಶಿಲುಬೆಗೇರಿಸಿದ ದೃಶ್ಯ ಇದು, ಆದರೆ ಶಿಲುಬೆ ನಮಗೆ ಬೆನ್ನು ಹಾಕಿ ನಿಂತಿದೆ. ಅದರ ಬುಡದಲ್ಲಿ, ನಮಗೆ ತೀರ ಹತ್ತಿರದಲ್ಲಿ, ಸೈನಿಕರು ಬಾಗಿ ಕುಳಿತು ಯೇಸುವಿನ ಅಂಗಿ ಯಾರ ಪಾಲಾಗಬೇಕೆಂದು ದಾಳ ಉರುಳಿಸುತ್ತಿದ್ದಾರೆ. ಶಿಲುಬೆಯ ಆಚೆ ಬದಿಯಲ್ಲಿ, ನಮಗೆ ಎದುರಾಗಿ, ಶೋಕಿಸುವವರು ಮುಖವೆತ್ತಿ ಮೇಲೆ ನೋಡುತ್ತಿದ್ದಾರೆ. ಆಕಾಶ ಕಪ್ಪಿಟ್ಟಿದೆ.

ಪ್ರಶ್ನೆ: ಶಿಲುಬೆಯ ಚಿತ್ರದಲ್ಲಿ ಕ್ರಿಸ್ತನ ಮುಖವೇ ಕಾಣದಿದ್ದರೆ ನೋಡುವವರು ನೋವನ್ನು ಕಾಣುವುದು ಎಲ್ಲಿ? ಚಿತ್ರಕಾರ ಮುಖ್ಯವಾದದ್ದನ್ನೇ ಬಿಟ್ಟಂತಾಗಲಿಲ್ಲವೇ? (ಚಿತ್ರಕಲಾ ಶಿಕ್ಷಕರು, ಧಾರವಾಡ)

ತಾವು ಕೊರತೆಯೆಂದು ಎತ್ತಿ ತೋರಿಸಿದ್ದನ್ನೇ ಬ್ಲೇಕ್ ಬೇಕೆಂದು ಮಾಡಿದ್ದಾನೆ. ಯುರೋಪಿನ ಶಿಲುಬೆ ಚಿತ್ರಗಳ ದೀರ್ಘ ಪರಂಪರೆಯಲ್ಲಿ, ನಮ್ಮ ಊರುಗಳ ಚರ್ಚುಗಳಲ್ಲಿರುವ ಪ್ರತಿಮೆಗಳಲ್ಲಿಯೂ, ಯೇಸುವಿನ ದೇಹ ನೋಡುವವರಿಗೆ ಎದುರಾಗಿಯೇ ಇರುತ್ತದೆ. ಬಾಗಿದ ತಲೆ, ಮುಳ್ಳಿನ ಕಿರೀಟ, ಪಕ್ಕೆಯ ಗಾಯ ಇವೆಲ್ಲ ಕಣ್ಣಿಗೆ ನೇರವಾಗಿ ಬೀಳುತ್ತವೆ. ಹಾಗೆ ನೋಡುವಾಗ ನಾವು ತಾಯಿ ಮರಿಯಳೂ ಪ್ರಿಯ ಶಿಷ್ಯನೂ ನಿಂತ ಕಡೆಯಲ್ಲೇ ನಿಂತಿರುತ್ತೇವೆ. ನಮ್ಮ ಕನಿಕರ ಅವರ ಕನಿಕರದೊಡನೆ ಸೇರಿಹೋಗುತ್ತದೆ, ನಾವು ಒಳ್ಳೆಯವರ ಗುಂಪಿನವರೆಂಬ ಸಮಾಧಾನವೂ ಅದರೊಡನೆಯೇ ಬರುತ್ತದೆ. ಬ್ಲೇಕ್ ಇಡೀ ದೃಶ್ಯವನ್ನು ಹಿಂದುಮುಂದಾಗಿ ತಿರುಗಿಸಿ, ಆ ಸಮಾಧಾನವನ್ನು ನಮ್ಮಿಂದ ಕಿತ್ತುಕೊಂಡಿದ್ದಾನೆ. ಈಗ ನಾವು ನಿಂತಿರುವುದು ಸೈನಿಕರ ಪಕ್ಕದಲ್ಲಿ. ಕಣ್ಣು ಬಿಟ್ಟ ಕೂಡಲೇ ಕಾಣುವುದು ಆಟ. ಆಟದ ಮೇಲಿಂದ ದೃಷ್ಟಿ ಎತ್ತಿದರೆ ಮರದ ಕಂಬ. ಕಂಬದ ಆಚೆಗೆ ಅಳುವವರ ಮುಖ. ನೋವು ನಮಗೆ ಸಿಗುವುದು ಮೂರನೆಯದಾಗಿ, ಅದೂ ನೇರವಾಗಿ ಅಲ್ಲ, ಅದನ್ನು ನೋಡುತ್ತಿರುವವರ ಮುಖದ ಮೂಲಕ.

ಚೀಟು ಹಾಕಿದ ಈ ಘಟನೆ ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿಯೂ ಬರುತ್ತದೆ. ಆದರೆ ಬಹುಮಟ್ಟಿಗೆ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ಸ್ವಲ್ಪ ವಿವರವಾಗಿ ಹೇಳುವವನು ಯೋಹಾನನೊಬ್ಬನೇ (19ನೆಯ ಅಧ್ಯಾಯ, 23 ಮತ್ತು 24ನೆಯ ವಚನಗಳು). ಸೈನಿಕರು ಯೇಸುವಿನ ಬಟ್ಟೆಗಳನ್ನು ನಾಲ್ಕು ಪಾಲು ಮಾಡಿ ಒಬ್ಬೊಬ್ಬರು ಒಂದೊಂದು ಪಾಲು ತೆಗೆದುಕೊಂಡರು. ಒಳಗಿನ ಅಂಗಿ ಮಾತ್ರ ಹೊಲಿಗೆಯಿಲ್ಲದೆ ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆಯದಾಗಿದ್ದ ಕಾರಣ, ಹರಿಯುವುದು ಬೇಡವೆಂದು ಚೀಟು ಹಾಕಿದರು. ಬಟ್ಟೆ ಹರಿದರೆ ನಷ್ಟವೆಂದು ಲೆಕ್ಕ ಹಾಕುವಷ್ಟು ಎಚ್ಚರ ಅವರಿಗಿದೆ. ತಲೆಯ ಮೇಲೆ ಮನುಷ್ಯದೇಹವೊಂದು ಹರಿದು ತೂಗುತ್ತಿರುವುದರ ಕಡೆಗೆ ಮಾತ್ರ ಆ ಎಚ್ಚರ ಹರಿಯುವುದಿಲ್ಲ. ಹಿಂದಿನ ಚಿತ್ರಕಾರರು ಈ ಜೂಜಾಟವನ್ನು ಬರೆದಿಲ್ಲವೆಂದಲ್ಲ, ಆದರೆ ಸಾಮಾನ್ಯವಾಗಿ ಅದು ಚಿತ್ರದ ಮೂಲೆಯಲ್ಲಿರುತ್ತಿತ್ತು. ಮೂಲೆಯಲ್ಲಿದ್ದದ್ದು ಮುಂದಕ್ಕೆ ಬಂದು ಕುಳಿತಾಗ ಅರ್ಥವೇ ಬೇರೆಯಾಗುತ್ತದೆ.

ಶಿಕ್ಷಕರಾದ ತಾವು ಇನ್ನೊಂದನ್ನು ಗಮನಿಸಿರಬಹುದು. ಆ ಸೈನಿಕರು ವಿಕಾರ ಮುಖದ ದುಷ್ಟರಲ್ಲ. ಮೈಕೆಲಾಂಜೆಲೊನ ಕೃತಿಗಳ ಮುದ್ರಿತ ಪ್ರತಿಗಳನ್ನು ಚಿಕ್ಕಂದಿನಿಂದ ಕಣ್ಣಿಗೊತ್ತಿಕೊಂಡು ಬೆಳೆದ ಬ್ಲೇಕ್ ತನ್ನ ಆಕೃತಿಗಳಿಗೆ ಕೊಡುವ ಮೈಕಟ್ಟನ್ನೇ ಅವರಿಗೂ ಕೊಟ್ಟಿದ್ದಾನೆ. ದಷ್ಟಪುಷ್ಟವಾದ ಆ ದೇಹಗಳೆಲ್ಲ ಒಂದು ಬಟ್ಟೆಯ ಮೇಲೆ ಬಾಗಿವೆ. ಚಿತ್ರದಲ್ಲಿ ಎರಡು ದಿಕ್ಕುಗಳ ದೃಷ್ಟಿಗಳಿವೆ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಅವು ಎಲ್ಲಿಯೂ ಸಂಧಿಸುವುದಿಲ್ಲ. ವಿದ್ಯಾರ್ಥಿಗಳಿಗೆ ಈ ಚಿತ್ರವನ್ನು ತೋರಿಸುವುದಾದರೆ ಸಂಕೇತಗಳ ಪಟ್ಟಿ ಮಾಡಿಸುವ ಮೊದಲು, ಯಾರ ಕಣ್ಣು ಎಲ್ಲಿಗೆ ಹೋಗಿದೆಯೆಂದು ಪೆನ್ಸಿಲ್ ಗೆರೆ ಎಳೆಯಿಸಿ ನೋಡಬೇಕೆಂದು ನಮ್ಮ ಸಲಹೆ.

ಪ್ರಶ್ನೆ: ಬೈಬಲ್ಲಿನ ಕಥೆಯೊಂದನ್ನು ಬರೆದ ಮಾತ್ರಕ್ಕೆ ಅದನ್ನು ಸಾಮಾಜಿಕ ವಿಮರ್ಶೆ ಎನ್ನಬಹುದೇ? ಇದು ನಮ್ಮ ಇಂದಿನ ವಿಚಾರಗಳನ್ನು ಇನ್ನೂರು ವರ್ಷ ಹಿಂದಿನ ಚಿತ್ರದ ಮೇಲೆ ಹೊರಿಸಿದಂತೆ ಅಲ್ಲವೇ? (ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ)

ನಿಮ್ಮ ಶಂಕೆ ನ್ಯಾಯವಾದದ್ದು. ರಮ್ಯ ಯುಗವೆನಿಸಿದ ಆ ಕಾಲದ ಯಾವ ಕೃತಿಯನ್ನು ಎತ್ತಿಕೊಂಡರೂ ಫ್ರೆಂಚ್ ಕ್ರಾಂತಿಯನ್ನು ಅದಕ್ಕೆ ಅಂಟಿಸಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಇದೆ. ಆದ್ದರಿಂದ ಊಹೆಯನ್ನು ಬದಿಗಿಟ್ಟು, ಬ್ಲೇಕ್ ತಾನೇ ಬರೆದಿಟ್ಟ ಮಾತುಗಳಿಂದ ಆರಂಭಿಸೋಣ.

ಕ್ರಾಂತಿಪರ ಲೇಖಕ ಟಾಮಸ್ ಪೇಯ್ನ್‌ನ ಧರ್ಮಟೀಕೆಗೆ ಉತ್ತರವಾಗಿ ಲ್ಯಾಂಡಾಫ್‌ನ ಬಿಷಪ್ ರಿಚರ್ಡ್ ವಾಟ್ಸನ್ ಬೈಬಲ್ಲನ್ನು ಸಮರ್ಥಿಸುವ ಪುಸ್ತಕವೊಂದನ್ನು ಬರೆದಿದ್ದ. ಬ್ಲೇಕ್ 1798ರಲ್ಲಿ ತನ್ನ ಪ್ರತಿಯ ಅಂಚುಗಳ ತುಂಬ ಸಿಟ್ಟಿನ ಟಿಪ್ಪಣಿಗಳನ್ನು ಗೀಚಿದ್ದಾನೆ. ಈ ವರ್ಷ ಬೈಬಲ್ಲನ್ನು ನಿಜವಾಗಿ ಸಮರ್ಥಿಸಹೊರಟವನು ತಲೆ ಕಳೆದುಕೊಳ್ಳಬೇಕಾದೀತು ಎಂಬುದು ಅವುಗಳಲ್ಲೊಂದು. ಅದೇ ಬಿಷಪ್ಪನ ಇನ್ನೊಂದು ಪ್ರವಚನದ ಜಾಹೀರಾತು ಆ ಪುಸ್ತಕದಲ್ಲಿತ್ತು. ದೇವರು ತನ್ನ ಜ್ಞಾನ ಮತ್ತು ಒಳ್ಳೆಯತನದಿಂದಲೇ ಬಡವರನ್ನೂ ಶ್ರೀಮಂತರನ್ನೂ ಸೃಷ್ಟಿಸಿದ್ದಾನೆ ಎಂಬುದು ಆ ಪ್ರವಚನದ ವಿಷಯ. ಅದರ ಎದುರಿಗೆ ಬ್ಲೇಕ್, ದೇವರು ಮನುಷ್ಯನನ್ನು ಸುಖಿಯಾಗಿಯೂ ಸಂಪನ್ನನಾಗಿಯೂ ಮಾಡಿದ, ಮುಗ್ಧರನ್ನು ಬಡವರನ್ನಾಗಿ ಮಾಡಿದವರು ಕುಟಿಲರು ಎಂದು ಬರೆದ. ಬಡತನವನ್ನು ದೈವಸಂಕಲ್ಪವೆಂದು ಬೋಧಿಸುವುದೇ ದೈವನಿಂದೆ ಎಂದು ನಂಬಿದ್ದ ಮನುಷ್ಯ ಇದಾಗಿ ಎರಡು ವರ್ಷಕ್ಕೆ ಈ ಚಿತ್ರವನ್ನು ಬರೆದಿದ್ದಾನೆ. ಅವನ ಪಾಲಿಗೆ ಬೈಬಲ್ಲಿನ ಕಥೆ ಬೇರೆ, ಬೀದಿಯ ಸಂಗತಿ ಬೇರೆ ಆಗಿರಲಿಲ್ಲ.

ಬೀದಿಯ ಸಂಗತಿ ಹೇಗಿತ್ತೆಂದರೆ, 1793ರಿಂದ ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಲೇ ಇತ್ತು. 1799 ಮತ್ತು 1800ರಲ್ಲಿ ಬೆಳೆ ಕೈಕೊಟ್ಟು ಗೋಧಿಯ ಬೆಲೆ ಗಗನಕ್ಕೇರಿ, 1800ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲೇ ರೊಟ್ಟಿಗಾಗಿ ಗಲಭೆಗಳಾದವು. ಕೂಲಿ ಹೆಚ್ಚಿಸಿರೆಂದು ಕಾರ್ಮಿಕರು ಒಟ್ಟುಗೂಡುವುದನ್ನು ಅಪರಾಧವಾಗಿಸುವ ಕಾನೂನುಗಳು 1799 ಮತ್ತು 1800ರಲ್ಲಿ ಬಂದವು. ಇಷ್ಟರ ನಡುವೆ ಸರ್ಕಾರವೇ ಲಾಟರಿ ನಡೆಸಿ ಬೊಕ್ಕಸ ತುಂಬಿಸಿಕೊಳ್ಳುತ್ತಿತ್ತು. ಈ ಕೊನೆಯದು ನಮ್ಮ ಚಿತ್ರಕ್ಕೆ ತೀರ ಹತ್ತಿರದ ವಿಷಯ. ಸುಮಾರು 1803ರಲ್ಲಿ, ಎರಡೆರಡು ಸಾಲಿನ ಸೂಕ್ತಿಗಳನ್ನು ಪೋಣಿಸಿದ ದೀರ್ಘ ಕವಿತೆಯೊಂದರಲ್ಲಿ ಬ್ಲೇಕ್, ರಾಜ್ಯದ ಪರವಾನಗಿ ಪಡೆದ ಜೂಜುಗಾರ ಆ ರಾಷ್ಟ್ರದ ಹಣೆಬರಹವನ್ನು ಕಟ್ಟುತ್ತಾನೆ ಎನ್ನುತ್ತಾನೆ. ಗೆದ್ದವನ ಕೇಕೆಯೂ ಸೋತವನ ಶಾಪವೂ ಸತ್ತ ಇಂಗ್ಲೆಂಡಿನ ಶವಗಾಡಿಯ ಮುಂದೆ ಕುಣಿಯುತ್ತವೆ ಎನ್ನುತ್ತಾನೆ. ಜೂಜು, ಪ್ರಭುತ್ವ, ಸಾವು ಈ ಮೂರೂ ಅವನ ಮನಸ್ಸಿನಲ್ಲಿ ಒಂದೇ ಗಂಟಾಗಿ ಬಿಗಿದುಕೊಂಡಿದ್ದವು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಚಿತ್ರದಲ್ಲಿ ಪ್ರಭುತ್ವದ ಆಜ್ಞೆಯಂತೆ ಕೊಲ್ಲುವವರು ಸಾಯುತ್ತಿರುವವನ ಬಟ್ಟೆಯನ್ನು ಜೂಜಿಗಿಟ್ಟಿದ್ದಾರೆ. ಕವಿತೆಯಲ್ಲಿ ಆ ಪ್ರಭುತ್ವಕ್ಕೆ ಹೆಸರು ಬಂದಿದೆ.

ಹಾಗೆಂದು ಇದನ್ನು ಸೈನ್ಯವಿರೋಧಿ ಘೋಷಣಾಫಲಕವೆಂದು ಓದುವುದು ಸರಿಯಲ್ಲ. ಈ ಚಿತ್ರವನ್ನು ಕೊಂಡವನು ಟಾಮಸ್ ಬಟ್ಸ್. ಅವನು ಸೈನ್ಯದ ಹಾಜರಿಪಟ್ಟಿಗಳ ತಪಾಸಣೆ ನಡೆಸುವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬ್ಲೇಕ್‌ನ ಪಾಲಿಗೆ ಹಲವು ವರ್ಷ ಅನ್ನದಾತನಂತಿದ್ದವನು. ಬೈಬಲ್ಲಿನಿಂದ ಐವತ್ತು ಚಿಕ್ಕ ಚಿತ್ರಗಳನ್ನು ಒಂದೊಂದಕ್ಕೆ ಒಂದು ಗಿನಿಯಂತೆ (ಗಿನಿ ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ) ಬರೆದುಕೊಡಲು ಅವನು 1799ರಲ್ಲಿ ಹೇಳಿದ್ದ; ಅವುಗಳ ಬೆನ್ನಿಗೇ ಜಲವರ್ಣಗಳ ಸರಣಿ ಬಂತು. ಸೈನಿಕರ ಹೆಸರುಗಳ ನಡುವೆ ದಿನ ಕಳೆಯುತ್ತಿದ್ದವನ ಮನೆಗೆ ಈ ಚಿತ್ರ ಹೋಯಿತೆನ್ನುವುದು ಕುತೂಹಲದ ವಿಷಯ. ಆದರೆ ಅದರಲ್ಲಿ ಗುಪ್ತ ಚುಚ್ಚುಮಾತು ಹುಡುಕುವುದು ಬೇಡ. ಬಟ್ಸ್ ಅವನ ಸ್ನೇಹಿತನೇ ಆಗಿದ್ದ.

ಇನ್ನೂ ಮುಖ್ಯವಾದ ಕಾರಣ ಬೇರೆಯಿದೆ. ಬ್ಲೇಕ್‌ನ ಕಣ್ಣಿನಲ್ಲಿ ಸೈನಿಕನೂ ನೊಂದವನೇ. 1794ರಲ್ಲಿ ಪ್ರಕಟವಾದ ಲಂಡನ್ ಕುರಿತ ಅವನ ಕವಿತೆಯಲ್ಲಿ ನಿರ್ಭಾಗ್ಯ ಸೈನಿಕನ ನಿಟ್ಟುಸಿರು ಅರಮನೆಯ ಗೋಡೆಯ ಮೇಲೆ ರಕ್ತವಾಗಿ ಇಳಿಯುತ್ತದೆ. ದಾಳ ಉರುಳಿಸುವವರು ಅಂಗಿಯೊಂದಕ್ಕೆ ಆಸೆಪಡುವಷ್ಟು ಬಡವರು. ಮರಣದಂಡನೆಗೆ ಗುರಿಯಾದವನ ಬಟ್ಟೆ ಕೆಲಸ ಮಾಡಿದವರಿಗೆ ಸಲ್ಲುವ ಪಾಲು, ಅಷ್ಟೇ. ತೀರ್ಪು ಕೊಟ್ಟ ಪಿಲಾತನಾಗಲಿ, ತೀರ್ಪು ಬೇಡಿದ ಮಹಾಯಾಜಕರಾಗಲಿ ಈ ಕೆಲಸಕ್ಕೆ ಕೈ ಹಾಕಬೇಕಾಗಿಲ್ಲ. ಲೂಕನ ಸುವಾರ್ತೆಯ 23ನೆಯ ಅಧ್ಯಾಯದ 34ನೆಯ ವಚನವನ್ನು ಪೂರ್ತಿ ಓದಿದರೆ, ತಾವು ಏನು ಮಾಡುತ್ತಿದ್ದೇವೆಂದು ಇವರು ಅರಿಯರು, ಇವರನ್ನು ಕ್ಷಮಿಸು ಎಂಬ ಪ್ರಾರ್ಥನೆಯೂ ಬಟ್ಟೆ ಹಂಚಿಕೊಂಡ ಸಂಗತಿಯೂ ಒಂದೇ ಉಸಿರಿನಲ್ಲಿ ಬರುವುದು ಕಾಣುತ್ತದೆ. ಕ್ಷಮೆ ಪಡೆದವರು ಈ ಆಟಗಾರರೇ. ವಿಮರ್ಶೆ ಇರುವುದು ವ್ಯಕ್ತಿಗಳ ಮೇಲಲ್ಲ. ಒಬ್ಬರ ಯಾತನೆ ಇನ್ನೊಬ್ಬರಿಗೆ ದಿನಗೂಲಿಯ ಕೆಲಸವಾಗುವ ಏರ್ಪಾಡಿನ ಮೇಲೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 1803ರ ಆಗಸ್ಟಿನಲ್ಲಿ ಫೆಲ್ಫಮ್ ಎಂಬ ಕಡಲತೀರದ ಹಳ್ಳಿಯಲ್ಲಿ ಬ್ಲೇಕ್ ತನ್ನ ತೋಟಕ್ಕೆ ಬಂದ ಸೈನಿಕನೊಬ್ಬನನ್ನು ಹೊರಗೆ ಅಟ್ಟಿದ್ದೂ, ರಾಜನಿಗೆ ಶಾಪ ಹಾಕಿ ಸೈನಿಕರೆಲ್ಲ ಗುಲಾಮರೆಂದನೆಂಬ ಆರೋಪದ ಮೇಲೆ ರಾಜದ್ರೋಹದ ವಿಚಾರಣೆ ಎದುರಿಸಿ, 1804ರ ಜನವರಿಯಲ್ಲಿ ಚಿಚೆಸ್ಟರಿನಲ್ಲಿ ಬಿಡುಗಡೆಯಾದದ್ದೂ ಪ್ರಸಿದ್ಧವಾದ ಸಂಗತಿಗಳು. ಈ ಚಿತ್ರದ ಬಗ್ಗೆ ಪ್ರಬಂಧ ಬರೆಯುವವರು ಅದನ್ನು ಕಾರಣವೆಂದು ತರುವ ಸಂಭವವಿದೆ. ಚಿತ್ರ ಬರೆದದ್ದು 1800ರಲ್ಲಿ. ಕಾರಣ ಕಾರ್ಯಕ್ಕಿಂತ ಮೂರು ವರ್ಷ ತಡವಾಗಿ ಬರಲಾರದು.

ಪ್ರಶ್ನೆ: ನಂಬುವವರಾದ ನಮಗೆ ಶಿಲುಬೆಯೆಂದರೆ ರಕ್ಷಣೆ. ತಮ್ಮ ವ್ಯಾಖ್ಯಾನದಲ್ಲಿ ಅದು ಅನ್ಯಾಯದ ಒಂದು ಘಟನೆಯಷ್ಟೇ ಆಗಿ ಉಳಿಯುತ್ತದೆ. ಬ್ಲೇಕ್ ಕ್ರೈಸ್ತನೇ ಆಗಿದ್ದರೆ ಇದು ಹೇಗೆ ಸಾಧ್ಯ? (ಸಭಾಪಾಲಕರು, ಮಂಗಳೂರು)

ಮಾನ್ಯರೇ, ಬ್ಲೇಕ್ ತನ್ನನ್ನು ಕ್ರೈಸ್ತನೆಂದೇ ಕರೆದುಕೊಂಡ, ಬೈಬಲ್ಲನ್ನು ಜೀವನವಿಡೀ ಓದಿದ. ಆದರೆ ಅವನ ನಂಬಿಕೆ ಇಂಗ್ಲೆಂಡಿನ ರಾಜಮಾನ್ಯ ಕ್ರೈಸ್ತ ಸಭೆಯ ಅಳತೆಗೆ ಕೂರುವಂಥದ್ದಾಗಿರಲಿಲ್ಲ. ತಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಪ್ರಾಯಶ್ಚಿತ್ತದ ತತ್ವ. ಮನುಕುಲದ ಪಾಪದ ಸಾಲವನ್ನು ಕ್ರಿಸ್ತನು ತನ್ನ ರಕ್ತದಿಂದ ತೀರಿಸಿದನೆಂಬ ಬೋಧನೆಯನ್ನು ಅವನು ಒಪ್ಪುತ್ತಿರಲಿಲ್ಲ. ಅವನ ಕೊನೆಯ ವರ್ಷಗಳಲ್ಲಿ ಅವನನ್ನು ಕಂಡು ಮಾತನಾಡಿಸುತ್ತಿದ್ದ ಹೆನ್ರಿ ಕ್ರಾಬ್ ರಾಬಿನ್ಸನ್ ತನ್ನ ದಿನಚರಿಯಲ್ಲಿ ಬರೆದಿಟ್ಟಿರುವಂತೆ, ಅದು ಭೀಕರವಾದ ಬೋಧನೆ, ಬೇರೆಯವನು ನಿನ್ನ ಸಾಲ ತೀರಿಸಿದರೆ ನಾನು ಅದನ್ನು ಕ್ಷಮಿಸಿದಂತಾಗುವುದಿಲ್ಲ ಎಂಬುದು ಬ್ಲೇಕ್‌ನ ವಾದ. ಸಾಲ ತೀರಿದ ಮೇಲೆ ಕ್ಷಮೆಗೆ ಕೆಲಸವೇ ಇಲ್ಲ; ಅವನಿಗೆ ಸುವಾರ್ತೆಯೆಂದರೆ ಕ್ಷಮೆಯೇ.

ಇದನ್ನು ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಚಿತ್ರವನ್ನು ಅರ್ಥಮಾಡಿಕೊಳ್ಳಲು ಇದು ನೆರವಾಗುತ್ತದೆ. ಯಾತನೆಯೇ ಬೆಲೆಯಾಗಿದ್ದರೆ ಚಿತ್ರಕಾರ ಗಾಯಗಳನ್ನು ಒಂದೊಂದಾಗಿ ತೋರಿಸಿ ಆ ಬೆಲೆಯನ್ನು ಮನಗಾಣಿಸಬೇಕಾಗುತ್ತಿತ್ತು. ಬ್ಲೇಕ್ ಗಾಯಗಳನ್ನು ಮರೆಮಾಡಿ, ಕೊಡು-ಕೊಳ್ಳುವ ವ್ಯವಹಾರವನ್ನು ಸೈನಿಕರ ಕೈಗೆ ಕೊಟ್ಟಿದ್ದಾನೆ. ಇಡೀ ಚಿತ್ರದಲ್ಲಿ ಲೆಕ್ಕ ನೋಡುವವರು ಅವರು ಮಾತ್ರ.

ಇದು ಭಕ್ತಿಹೀನತೆಯಿಂದ ಹುಟ್ಟಿದ ಚಿತ್ರವಲ್ಲವೆನ್ನಲು ಇನ್ನೊಂದು ಆಧಾರವಿದೆ. 1809ರಲ್ಲಿ ಬ್ಲೇಕ್ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ, ಕಾಲುಚೀಲ ಮಾರುವ ತನ್ನ ಅಣ್ಣನ ಅಂಗಡಿಯಿದ್ದ ಮನೆಯಲ್ಲಿ, ತನ್ನ ಚಿತ್ರಗಳ ಪ್ರದರ್ಶನ ಏರ್ಪಡಿಸಿದ. ಅಲ್ಲಿ ಹನ್ನೆರಡನೆಯ ಸಂಖ್ಯೆಯಲ್ಲಿ ತೂಗಿದ್ದು ಇದೇ ಚಿತ್ರ. ಇದನ್ನೂ ಇದರೊಡನಿದ್ದ ಬೇರೆ ಮೂರು ಬೈಬಲ್ ಚಿತ್ರಗಳನ್ನೂ ದೊಡ್ಡದಾಗಿ ಗೋಡೆಯ ಮೇಲೆ ಬರೆದು ಚರ್ಚುಗಳ ಬಲಿಪೀಠಗಳನ್ನು ಅಲಂಕರಿಸಬೇಕೆಂಬ ಆಸೆಯನ್ನು ಅವನು ಪ್ರದರ್ಶನದ ಪುಸ್ತಿಕೆಯಲ್ಲಿ ಅಚ್ಚು ಮಾಡಿಸಿದ. ಆರಾಧನೆಗೆ ಬಂದವರು ದಾಳವಾಡುವವರ ಬದಿಯಲ್ಲಿ ನಿಂತು ಪ್ರಾರ್ಥಿಸಬೇಕೆಂಬುದು ಸಣ್ಣ ಆಸೆಯಲ್ಲ. ಅದು ಈಡೇರುವ ಕಾಲವೂ ಆಗಿರಲಿಲ್ಲ: 1773ರಲ್ಲಿ ಚಿತ್ರಕಾರ ರೆನಾಲ್ಡ್ಸ್ ಮೊದಲಾದ, ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯ ಹಿರಿಯರು ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನಲ್ಲಿ ಚಿತ್ರ ಬರೆದುಕೊಡುವೆವೆಂದು ಮುಂದೆ ಬಂದಾಗಲೇ, ಅದು ಕ್ಯಾಥೊಲಿಕ್ ಪದ್ಧತಿಯಂತಾದೀತೆಂದು ಲಂಡನ್ನಿನ ಬಿಷಪ್ ತಡೆದಿದ್ದ. ಬ್ಲೇಕ್‌ನ ಪ್ರದರ್ಶನಕ್ಕೆ ಜನ ಬರಲಿಲ್ಲ. ಅದರ ಬಗ್ಗೆ ಬರೆದ ಪತ್ರಿಕೆ ಅವನನ್ನು ಹುಚ್ಚನೆಂದಿತು.

ಪ್ರಶ್ನೆ: ಚಿತ್ರದ ಕಾಲ 1800. ಅದರ ಹಿಂದಿನ ವರ್ಷವೇ ನಮ್ಮ ಊರು ಲೂಟಿಯಾಯಿತು. ಸತ್ತವನ ಉಡುಪಿಗಾಗಿ ಸೈನಿಕರು ಪಾಲು ಹಾಕುವುದನ್ನು ನೋಡಿದಾಗ ನನಗೆ ಟಿಪ್ಪುವಿನ ನೆನಪಾಯಿತು. ಬ್ಲೇಕ್‌ನ ಮನಸ್ಸಿನಲ್ಲಿಯೂ ಅದು ಇದ್ದಿರಬಹುದೇ? (ಓದುಗರು, ಶ್ರೀರಂಗಪಟ್ಟಣ)

ನೆನಪಾಗುವುದು ಸಹಜ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅಲ್ಲಿನ ಸಂಪತ್ತನ್ನು ವಿಧಿವತ್ತಾಗಿ ನೇಮಕಗೊಂಡ ಏಜೆಂಟರು ಪಟ್ಟಿ ಮಾಡಿ, ಸೈನ್ಯದವರಿಗೆ ದರ್ಜೆಗೆ ತಕ್ಕಂತೆ ಹಂಚಿದರು. ಟಿಪ್ಪುವಿನ ಸಿಂಹಾಸನವನ್ನು ಪಾಲಿಗಾಗಿ ಒಡೆದೇ ಹಾಕಿದರು. ಆದರೆ ಚಿತ್ರದಲ್ಲಿ ಅದಕ್ಕೆ ಯಾವ ಸುಳಿವೂ ಇಲ್ಲ. ಆದ್ದರಿಂದ ನಂಟು ಕಟ್ಟಲು ನಾವು ಒಪ್ಪುವುದಿಲ್ಲ. ಸಾಮ್ರಾಜ್ಯಗಳ ಹಿಂಸೆಯ ಅರಿವು ಬ್ಲೇಕ್‌ನಿಗೆ ಇದ್ದದ್ದು ನಿಜ, ಆದರೆ ಅದಕ್ಕೆ ದಾಖಲೆ ಸಿಗುವುದು ಬೇರೆ ಕಡೆಯಿಂದ: ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಗುಲಾಮರ ದಂಗೆ ಅಡಗಿಸಲು ಹೋಗಿದ್ದ ಜಾನ್ ಸ್ಟೆಡ್‌ಮನ್ ಎಂಬ ಸೇನಾಧಿಕಾರಿಯ ಕಥನ 1796ರಲ್ಲಿ ಪ್ರಕಟವಾದಾಗ, ಗುಲಾಮನೊಬ್ಬನನ್ನು ಪಕ್ಕೆಲುಬಿಗೆ ಕೊಕ್ಕೆ ಸಿಕ್ಕಿಸಿ ಜೀವಂತ ನೇತುಹಾಕಿದ ದೃಶ್ಯವೂ ಸೇರಿದಂತೆ ಹಲವು ಚಿತ್ರಗಳನ್ನು ತಾಮ್ರದ ಮೇಲೆ ಕೆತ್ತಿದವನು ಬ್ಲೇಕ್. ಕಂಬಕ್ಕೆ ತೂಗಿದ ದೇಹವನ್ನು ಗೆರೆ ಗೆರೆಯಾಗಿ ಕೆತ್ತಬೇಕಾಗಿ ಬಂದ ಕೈ ಅದು.

ತಮ್ಮ ಪತ್ರದಿಂದ ಬೇರೊಂದು ಹೋಲಿಕೆ ಮಾತ್ರ ನಮಗೆ ಹೊಳೆಯಿತು. ಈ ಚಿತ್ರ ರಚನೆಯಾದ 1800ರಲ್ಲಿಯೇ ಲಂಡನ್ನಿನ ಲೈಸಿಯಂ ಸಭಾಗೃಹದಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಎಳೆಯ ಕಲಾವಿದ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ನೂರಕ್ಕೂ ಹೆಚ್ಚು ಅಡಿ ಉದ್ದದ ಮಹಾಚಿತ್ರವಾಗಿ ಬರೆದು ತೋರಿಸಿದ್ದ. ಜನ ಹಣ ಕೊಟ್ಟು ನೂಕುನುಗ್ಗಲಿನಲ್ಲಿ ನೋಡಿದರು. ಅಲ್ಲಿಯೂ ನೋಡುವವರನ್ನು ನಿಲ್ಲಿಸಿದ್ದು ಗೆದ್ದವರ ಬದಿಯಲ್ಲಿ. ಆದರೆ ಹಾಗೆ ನಿಂತದ್ದಕ್ಕೆ ಹೆಮ್ಮೆಪಡುವಂತೆ. ಬ್ಲೇಕ್‌ನ ಕಾಗದ ಒಂದೂವರೆ ಅಡಿಗೂ ಕಡಿಮೆ ಎತ್ತರದ್ದು. ಅದೂ ನಮ್ಮನ್ನು ಗೆದ್ದವರ ಬದಿಯಲ್ಲೇ ನಿಲ್ಲಿಸುತ್ತದೆ, ಮತ್ತು ಅಲ್ಲಿ ನಿಲ್ಲಲು ನಮಗೆ ಮನಸ್ಸು ಬಾರದಂತೆ ಮಾಡುತ್ತದೆ.

ಭಾರತದ ಮಾತು ಬಂದದ್ದರಿಂದ ಹೇಳುವುದಾದರೆ, 1809ರ ಪ್ರದರ್ಶನದಲ್ಲಿ ಹತ್ತನೆಯ ಸಂಖ್ಯೆಯ ಚಿತ್ರ, ಚಾರ್ಲ್ಸ್ ವಿಲ್ಕಿನ್ಸ್ ಪಂಡಿತರೊಡನೆ ಕುಳಿತು ಭಗವದ್ಗೀತೆಯನ್ನು ಇಂಗ್ಲಿಷಿಗೆ ತರುತ್ತಿರುವಂತೆ ಬ್ಲೇಕ್ ಕಲ್ಪಿಸಿ ಬರೆದದ್ದು. ಆ ಚಿತ್ರ ಕಳೆದುಹೋಗಿದೆ.

ಪ್ರಶ್ನೆ: ಇಷ್ಟು ಗಂಭೀರ ವಿಷಯಕ್ಕೆ ತೈಲವರ್ಣವನ್ನು ಬಿಟ್ಟು ಜಲವರ್ಣವೇಕೆ? (ಓದುಗರು, ಹುಬ್ಬಳ್ಳಿ)

ಬ್ಲೇಕ್‌ನಿಗೆ ತೈಲವರ್ಣವೆಂದರೆ ಆಗುತ್ತಿರಲಿಲ್ಲ. ಅದು ಗೆರೆಯನ್ನು ನುಂಗಿ ಎಲ್ಲವನ್ನೂ ಮಸುಕು ಮಾಡುತ್ತದೆಂದು ಅವನ ದೂರು. ಹದಿನಾಲ್ಕನೆಯ ವಯಸ್ಸಿನಿಂದ ಕೆತ್ತನೆ ಕಲಿತವನಿಗೆ ಗೆರೆಯೇ ಪ್ರಾಣ. ಮೊದಲು ಪೆನ್ಸಿಲ್, ಮೇಲೆ ಲೇಖನಿಯ ಶಾಯಿಗೆರೆ, ಅದರ ಒಳಗೆ ತೆಳುವಾದ ಬಣ್ಣ, ಇದು ಅವನ ಕ್ರಮ. ಆ ಕಾಲದ ಇಂಗ್ಲೆಂಡಿನಲ್ಲಿ ಜಲವರ್ಣವೆಂದರೆ ಗರ್ಟಿನ್, ಟರ್ನರ್ ಮೊದಲಾದವರ ಭೂದೃಶ್ಯ. ಶಿಲುಬೆಯಂಥ ವಸ್ತುವನ್ನು ಅದಕ್ಕೆ ತಂದದ್ದು ಪದ್ಧತಿ ಮೀರಿದ ಕೆಲಸವೇ. ಬಡತನವೂ ಒಂದು ಕಾರಣ. ಒಂದು ಗಿನಿಯ ಚಿತ್ರಕ್ಕೆ ದೊಡ್ಡ ಕ್ಯಾನ್ವಾಸು ಹೊಂದುವುದಿಲ್ಲ.

ಪ್ರಶ್ನೆ: ಬ್ಲೇಕ್‌ನ ಇತರ ಬೈಬಲ್ ಜಲವರ್ಣಗಳಲ್ಲಿಯೂ ನೋವಿನ ಬಗ್ಗೆ ಇದೇ ನಿಲುವು ಇದೆಯೇ? ನೋವು ದೇವರು ಕೊಡುವ ಶಿಕ್ಷೆಯೆಂದು ಬೈಬಲ್ಲಿನಲ್ಲೇ ಹೇಳುವ ಕಡೆ ಅವನು ಏನು ಮಾಡಿದ? (ನಿವೃತ್ತ ಪ್ರಾಧ್ಯಾಪಕರು, ಬೆಂಗಳೂರು)

ಅತ್ಯಂತ ಕಷ್ಟದ ಪ್ರಶ್ನೆಯನ್ನೇ ಕೇಳಿದ್ದೀರಿ. ಬೈಬಲ್ಲಿನ ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಕರ್ತನು (ದೇವರು) ನಡುರಾತ್ರಿಯಲ್ಲಿ ಐಗುಪ್ತದ (ಈಜಿಪ್ಟಿನ) ಚೊಚ್ಚಲ ಮಕ್ಕಳನ್ನೆಲ್ಲ, ಸೆರೆಮನೆಯಲ್ಲಿದ್ದ ಕೈದಿಯ ಮಗುವನ್ನೂ ಬಿಡದೆ, ಸಂಹರಿಸಿದನೆಂದು ಸ್ಪಷ್ಟವಾಗಿ ಬರೆದಿದೆ. ಸುಮಾರು 1805ರಲ್ಲಿ ಬಟ್ಸ್‌ಗಾಗಿ ಬ್ಲೇಕ್ ಈ ಪ್ರಸಂಗವನ್ನು ಬರೆದ. ಆ ಜಲವರ್ಣ ಈಗ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದೆ. ಮೈಗೆಲ್ಲ ಮೀನಿನಂಥ ಪೊರೆ ಮುಚ್ಚಿದ ಭಾರೀ ದೈತ್ಯನೊಬ್ಬ ಪಿಡುಗನ್ನು ಎರಚುತ್ತ ದಾಪುಗಾಲು ಹಾಕಿ ಬರುತ್ತಿದ್ದಾನೆ. ಅವನ ಹಿಂದೆ, ನಡುವಿನ ಬಾಗಿಲೊಂದರಲ್ಲಿ, ರೆಕ್ಕೆಯ ದೇವದೂತ ಬಹಳ ಚಿಕ್ಕದಾಗಿ ನಿಂತಿದ್ದಾನೆ. ಪೊರೆಯ ಮೈಯನ್ನು ಬ್ಲೇಕ್ ಸೈತಾನನಿಗೂ ಅವನ ಕಡೆಯವರಿಗೂ ಕೊಡುವುದು ರೂಢಿ. ದೇವರ ಕೈಯೆಂದು ಗ್ರಂಥ ಹೇಳುವುದಕ್ಕೆ ಅವನು ದೈತ್ಯನ ಮೈ ತೊಡಿಸಿ, ದೈವತ್ವವನ್ನು ಆ ಬಾಗಿಲಿನಷ್ಟು ಜಾಗದಲ್ಲಿ ಉಳಿಸಿಕೊಂಡಿದ್ದಾನೆ. ಇದು ಚಿತ್ರಕಾರನ ಸ್ವೇಚ್ಛೆಯೆನ್ನುವಂತಿಲ್ಲ. ವಾಟ್ಸನ್ನನ ಅದೇ ಪುಸ್ತಕದ ಅಂಚಿನಲ್ಲಿ, ದೇವರ ಆಜ್ಞೆಯ ನೆಪದಲ್ಲಿ ಸಾವಿರಾರು ಜನರನ್ನು ಕೊಂದದ್ದನ್ನು ಸಮರ್ಥಿಸುವುದು ಬೈಬಲ್ಲನ್ನು ನಂಬುವ ತನಗೆ ಅಸಹ್ಯವೂ ದೈವನಿಂದೆಯೂ ಆಗಿ ಕಾಣುತ್ತದೆಂದು ಅವನು ಬರೆದಿದ್ದ.

ದೇವರ ಅನುಮತಿಯಿಂದ ಸೈತಾನನ ಕೈಯಲ್ಲಿ ಪರೀಕ್ಷೆಗೊಳಗಾದ ಬೈಬಲ್ಲಿನ ಸದಾಚಾರಿ ಯೋಬನ ಚಿತ್ರಮಾಲೆ ಇನ್ನೂ ಸೂಕ್ಷ್ಮವಾದದ್ದು. ಅದನ್ನು ಅವನು ಮೊದಲು ಬಟ್ಸ್‌ಗಾಗಿ ಸುಮಾರು 1805–06ರಲ್ಲಿ ಜಲವರ್ಣದಲ್ಲಿ ಬರೆದು, ಮುಪ್ಪಿನಲ್ಲಿ ತಾಮ್ರಕ್ಕೆ ಕೆತ್ತಿ 1826ರಲ್ಲಿ ಪ್ರಕಟಿಸಿದ. ಅದರ ಐದನೆಯ ಚಿತ್ರದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬ ತನ್ನ ರೊಟ್ಟಿಯಲ್ಲಿ ಭಿಕ್ಷುಕನಿಗೆ ಪಾಲು ಕೊಡುತ್ತಿದ್ದಾನೆ. ಅದೇ ಗಳಿಗೆಯಲ್ಲಿ ಸೈತಾನ ಅವನ ಮೇಲೆ ಹೊಸ ಯಾತನೆ ಸುರಿಯಲು ಹೊರಟಿದ್ದಾನೆ. ನೋಡಿದ ಕೂಡಲೇ ಇದು ದಾನದ ಹೊಗಳಿಕೆಯೆನಿಸುತ್ತದೆ. ಆದರೆ ನಾವು ಯಾರನ್ನಾದರೂ ಬಡವರನ್ನಾಗಿ ಮಾಡದಿದ್ದರೆ ಕನಿಕರಕ್ಕೆ ಎಡೆಯೇ ಇರುತ್ತಿರಲಿಲ್ಲ ಎಂದು 1794ರಲ್ಲೇ ಕವಿತೆ ಬರೆದವನ ಚಿತ್ರವಿದು. ಸದಾಚಾರಿಯಾದ ಯೋಬ ದಾನ ಮಾಡುವಾಗಲೂ ಸದಾಚಾರದ ನಿಯಮವನ್ನು ಪಾಲಿಸುತ್ತಿದ್ದಾನೆಯೇ ಹೊರತು ಭಿಕ್ಷುಕನನ್ನು ತನ್ನವನೆಂದು ಕಂಡಿಲ್ಲವೆಂದು ಓದುವ ವಿಮರ್ಶಕರಿದ್ದಾರೆ. ನಮಗೆ ಆ ಓದು ತುಸು ಕಠೋರವೆನಿಸುತ್ತದೆ. ತನ್ನ ಬಾಯಿಯ ತುತ್ತನ್ನು ಕೊಡುವವನ ಬಗ್ಗೆ ಬ್ಲೇಕ್‌ನಿಗೂ ಮೆಚ್ಚುಗೆ ಇಲ್ಲದಿರಲಿಲ್ಲ. ಆದರೂ ಆ ಕವಿತೆಯನ್ನು ಓದಿಕೊಂಡವರು ಈ ಚಿತ್ರದಲ್ಲಿ ಬರೀ ಹೊಗಳಿಕೆಯನ್ನು ಕಾಣಲಾರರು.

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೊರಟಿದ್ದೇವೆ. ಮೂಲಚಿತ್ರವನ್ನು ಎಲ್ಲಿ ನೋಡಬಹುದು? (ಓದುಗರು, ಮೈಸೂರು)

ಕೇಂಬ್ರಿಡ್ಜಿನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ. ಲಂಡನ್ನಿನಿಂದ ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದು, ಪ್ರವೇಶಕ್ಕೆ ಶುಲ್ಕವಿಲ್ಲ. ಆದರೆ ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಮಾಸುವುದರಿಂದ ಇಂಥ ಚಿತ್ರಗಳನ್ನು ವರ್ಷವಿಡೀ ಗೋಡೆಯ ಮೇಲೆ ತೂಗುಹಾಕಿರುವುದಿಲ್ಲ. ಹೊರಡುವ ಮೊದಲು ಮ್ಯೂಸಿಯಂಗೆ ಪತ್ರ ಬರೆದು, ಚಿತ್ರ ಪ್ರದರ್ಶನದಲ್ಲಿದೆಯೇ, ಇಲ್ಲವಾದರೆ ಅಲ್ಲಿನ ಅಧ್ಯಯನ ಕೊಠಡಿಯಲ್ಲಿ ತೆಗೆಸಿ ನೋಡಲು ಅವಕಾಶವಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.